ಬೇಸಿಗೆಗೆ ಬ್ಯಾಟು, ಮಳೆಗಾಲಕ್ಕೆ ಫುಟ್‌ಬಾಲು

(ಕುಂಬಳೆ ಹತ್ತಿರದ ಒಂದು ಗ್ರಂಥಾಲಯದಲ್ಲಿ ಮಕ್ಕಳು ಮತ್ತು ಅವರ ಮನೆಯವರ ಮುಂದೆ ನಿವೃತ್ತ ದೈಹಿಕ ಶಿಕ್ಷಕರೊಬ್ಬರು ಆಡಿದ ಮಾತಿನ ಬರಹ ರೂಪ)

ಈ ಸಭೆಯಲ್ಲಿ ಕೂತ ಮಕ್ಕಳಲ್ಲಿ ಅರ್ಧದಷ್ಟು ಜನ ಆರ್‌ಸಿಬಿ ಜರ್ಸಿ ಹಾಕಿಕೊಂಡು ಬಂದಿದ್ದೀರಿ. ಹಾಗಾಗಿ ಎಲಿಸ್ ಪೆರಿ ಯಾರು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. 2024ರಲ್ಲಿ ಆರ್‌ಸಿಬಿ ಹೆಣ್ಣುಮಕ್ಕಳು ಮಹಿಳಾ ಪ್ರೀಮಿಯರ್ ಲೀಗ್ ಕಪ್ ಗೆದ್ದಾಗ ಆ ಟೂರ್ನಿಯಲ್ಲಿ ಎಲ್ಲರಿಗಿಂತ ಜಾಸ್ತಿ ರನ್ ಹೊಡೆದವರು ಅವರು, 347. ಮುಂಬೈ ವಿರುದ್ಧ ಒಂದೇ ಮ್ಯಾಚಿನಲ್ಲಿ 15 ರನ್ನಿಗೆ 6 ವಿಕೆಟ್ ತೆಗೆದರು. ಚಿನ್ನಸ್ವಾಮಿಯಲ್ಲಿ ಒಂದು ಸಿಕ್ಸ್ ಹೊಡೆದು, ಪ್ರದರ್ಶನಕ್ಕೆ ಇಟ್ಟಿದ್ದ ಕಾರಿನ ಕಿಟಕಿ ಗಾಜು ಪುಡಿ ಮಾಡಿದ್ದನ್ನು ನೀವು ಫೋನಿನಲ್ಲಿ ಎಷ್ಟು ಸಲ ನೋಡಿದ್ದೀರೋ ಏನೋ.

ಆದರೆ ಇದೇ ಪೆರಿ ಆಸ್ಟ್ರೇಲಿಯಾಕ್ಕೆ ಫುಟ್‌ಬಾಲ್ ಕೂಡ ಆಡಿದವರು ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಶೋಕಿಗೆ ಒಂದು ಮ್ಯಾಚ್ ಅಲ್ಲ. ವಿಶ್ವಕಪ್ ಆಡಿದವರು, ಅಲ್ಲಿ ಗೋಲು ಹೊಡೆದವರು. 2011ರಲ್ಲಿ ಜರ್ಮನಿಯಲ್ಲಿ ನಡೆದ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್, ಎದುರಿಗೆ ಸ್ವೀಡನ್. ಆಸ್ಟ್ರೇಲಿಯಾ 3–1ರಿಂದ ಸೋತಿತು. ಆ ಒಂದು ಗೋಲು ಡಿಫೆಂಡರ್, ಅಂದರೆ ಎದುರಾಳಿಯನ್ನು ತಡೆಯುವ ಹಿಂದಿನ ಸಾಲಿನ ಆಟಗಾರ್ತಿ ಆಗಿದ್ದ ಪೆರಿ ದೂರದಿಂದ ಹೊಡೆದದ್ದು.

ಶುರುವಾದ ರೀತಿ ಇನ್ನೂ ಚೆಂದ. 2007ರ ಜುಲೈ 22ರಂದು ಡಾರ್ವಿನ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಮೊದಲ ಏಕದಿನ ಪಂದ್ಯ. ಆಗಸ್ಟ್ 4ರಂದು ಹಾಂಗ್‌ಕಾಂಗ್ ವಿರುದ್ಧ ಮೊದಲ ಫುಟ್‌ಬಾಲ್ ಪಂದ್ಯ. ಮಧ್ಯದಲ್ಲಿ ಎರಡು ವಾರ ಕೂಡ ಪೂರ್ತಿ ಇಲ್ಲ. ಫುಟ್‌ಬಾಲಿನಲ್ಲಿ ಎರಡನೇ ನಿಮಿಷಕ್ಕೇ ಗೋಲು. ಆಗ ಹುಡುಗಿಗೆ ಹದಿನಾರು ವರ್ಷ. ನಮ್ಮಲ್ಲಿ ಹದಿನಾರು ಅಂದರೆ ಪ್ಲಸ್ ಒನ್, ಹನ್ನೊಂದನೇ ಕ್ಲಾಸು. 'ಇನ್ನು ಆಟ ಸಾಕು, ಟ್ಯೂಷನ್ನಿಗೆ ಹೋಗು' ಅಂತ ಮನೆಯಲ್ಲಿ ಹೇಳುವ ವಯಸ್ಸು.

ನಾನು ಇವತ್ತು ಮಾತಾಡುವುದು ಇಂಥವರ ಬಗ್ಗೆ. ಕ್ರಿಕೆಟ್, ಫುಟ್‌ಬಾಲ್ ಎರಡನ್ನೂ ಕಸುಬಾಗಿ ಆಡಿದವರು ಒಂದು ಕಾಲದಲ್ಲಿ ಬೇಕಾದಷ್ಟು ಜನ ಇದ್ದರು. ಈಗ ಹುಡುಕಿದರೂ ಸಿಗುವುದಿಲ್ಲ. ಯಾಕೆ? ಜನರ ಶಕ್ತಿ ಕಮ್ಮಿಯಾಯಿತಾ? ಅದು ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಎರಡು ಆಟ ಆಡಲು ಅಡ್ಡ ಬಂದದ್ದು ಕಾಲಲ್ಲ, ಕ್ಯಾಲೆಂಡರು.

ನಮ್ಮ ಊರನ್ನೇ ನೋಡಿ. ಜೂನ್‌ನಲ್ಲಿ ಮಳೆ ಹಿಡಿದರೆ ಪದವಿನ, ಅಂದರೆ ಕಲ್ಲುಗುಡ್ಡದ ಮೇಲಿನ ಬಯಲಿನ, ಮೈದಾನದಲ್ಲಿ ನೀರು ನಿಲ್ಲುತ್ತದೆ. ಟೆನಿಸ್ ಬಾಲು ನೆನೆದು ಭಾರವಾಗುತ್ತದೆ, ಪುಟಿಯುವುದೇ ಇಲ್ಲ. ಆಗ ಮಕ್ಕಳು ಏನು ಮಾಡುತ್ತಾರೆ? ಫುಟ್‌ಬಾಲ್ ತೆಗೆಯುತ್ತಾರೆ. ಕೆಸರು ಜಾಸ್ತಿಯಾದಷ್ಟೂ ಖುಷಿ. ಕೊಯ್ಲು ಮುಗಿದು ಗದ್ದೆ ಒಣಗಿತೋ, ಫುಟ್‌ಬಾಲು ಅಟ್ಟಕ್ಕೆ. ಗದ್ದೆಯ ಮಧ್ಯೆ ಕೂಳೆ ಕಿತ್ತು, ನೀರು ಹೊಯ್ದು, ತುಳಿದು ಪಿಚ್ ಮಾಡುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ, ಮಳೆಯೇ ಮಾಡಿದ ಟೈಮ್‌ಟೇಬಲ್. ನಮ್ಮ ಕಡೆಯ ಯಾವ ಹುಡುಗನನ್ನು ಬೇಕಾದರೂ ಕೇಳಿ, ಹತ್ತು ವರ್ಷದವರೆಗೆ ಎರಡೂ ಆಟ ಆಡಿಯೇ ಇರುತ್ತಾನೆ.

ಇಂಗ್ಲೆಂಡಿನಲ್ಲಿ ಆಗಿದ್ದದ್ದೂ ಇದೇ. ಅಲ್ಲಿ ಚಳಿಗಾಲಕ್ಕೆ ಫುಟ್‌ಬಾಲ್, ಬೇಸಿಗೆಗೆ ಕ್ರಿಕೆಟ್. ಆಗಸ್ಟ್ ಕೊನೆಗೆ ಫುಟ್‌ಬಾಲ್ ಶುರು, ಏಪ್ರಿಲ್ ಕೊನೆ ಮೇ ಮೊದಲಿಗೆ ಮುಗಿತ. ಆಮೇಲೆ ಸೆಪ್ಟೆಂಬರ್ ತನಕ ಕ್ರಿಕೆಟ್. ಎರಡು ತುದಿಯಲ್ಲಿ ಸ್ವಲ್ಪ ಉಜ್ಜುತ್ತಿತ್ತು, ಅಷ್ಟೇ. ಇದರ ಜೊತೆ ದುಡ್ಡಿನ ಲೆಕ್ಕವೂ ಇತ್ತು. ಫುಟ್‌ಬಾಲ್ ಆಟಗಾರರಿಗೆ ಇಂತಿಷ್ಟಕ್ಕಿಂತ ಜಾಸ್ತಿ ಸಂಬಳ ಕೊಡಬಾರದು ಅಂತ ಅಲ್ಲಿ ನಿಯಮವೇ ಇತ್ತು. 1958ರಲ್ಲಿ ಆಟದ ತಿಂಗಳುಗಳಲ್ಲಿ ವಾರಕ್ಕೆ ಹೆಚ್ಚೆಂದರೆ 20 ಪೌಂಡು, ಆಟ ಇಲ್ಲದ ಬೇಸಿಗೆಯಲ್ಲಿ 17. ಬೇಸಿಗೆಯಲ್ಲಿ ಸುಮ್ನೆ ಕೂರುವ ಬದಲು ಕ್ರಿಕೆಟ್ ಆಡಿದರೆ ಇನ್ನೊಂದು ಸಂಬಳ ಬರುತ್ತದೆ ಅಲ್ವಾ? ಕೈಯಲ್ಲಿ ಆಟ ಇದ್ದವರು ಆಡಿದರು.

ಅವರಲ್ಲಿ ದೊಡ್ಡ ಹೆಸರು ಡೆನಿಸ್ ಕಾಂಪ್ಟನ್. ಬೇಸಿಗೆಗೆ ಮಿಡ್ಲ್‌ಸೆಕ್ಸ್ ಕ್ರಿಕೆಟ್ ತಂಡ, ಚಳಿಗೆ ಆರ್ಸೆನಲ್ ಫುಟ್‌ಬಾಲ್ ತಂಡ. 1947ರ ಒಂದೇ ಬೇಸಿಗೆಯಲ್ಲಿ 3,816 ರನ್, 18 ಶತಕ. ಒಂದೇ ಸೀಸನ್ನಿನಲ್ಲಿ ಅಷ್ಟು ರನ್ ಹೊಡೆದವರು ಇವತ್ತಿಗೂ ಇನ್ನೊಬ್ಬರಿಲ್ಲ. ಆ ಬ್ಯಾಟು ಒಳಗಿಟ್ಟು ಚಳಿಗಾಲದಲ್ಲಿ ಆರ್ಸೆನಲ್‌ಗೆ ಆಡಿದರು, ಆ ವರ್ಷ ಆರ್ಸೆನಲ್ ಲೀಗ್ ಗೆದ್ದಿತು. 1950ರಲ್ಲಿ ಲಿವರ್‌ಪೂಲನ್ನು 2–0ರಿಂದ ಸೋಲಿಸಿ ಎಫ್‌ಎ ಕಪ್ ಗೆದ್ದಾಗಲೂ ಅವರು ತಂಡದಲ್ಲಿದ್ದರು. ಅದೇ ಮ್ಯಾಚಿನಲ್ಲಿ ಅವರ ಅಣ್ಣ ಲೆಸ್ಲಿ ಕಾಂಪ್ಟನ್ ಕೂಡ ಆಡಿದರು. ಅಣ್ಣ ಮಿಡ್ಲ್‌ಸೆಕ್ಸ್‌ಗೆ ವಿಕೆಟ್‌ಕೀಪರ್! ಆ ತಾಯಿ ಬಟ್ಟೆ ಒಗೆದೇ ಸುಸ್ತಾಗಿರಬೇಕು.

ಕಾಂಪ್ಟನ್ ನಮ್ಮ ದೇಶಕ್ಕೂ ಬಂದಿದ್ದರು, ಗೊತ್ತಾ? ಯುದ್ಧದ ಕಾಲದಲ್ಲಿ ಸೈನಿಕರಾಗಿ ಬಂದವರು ಇಂದೋರಿನ ಹೋಳ್ಕರ್ ತಂಡಕ್ಕೆ ರಣಜಿ ಆಡಿದರು. 1944–45ರ ಫೈನಲ್‌ನಲ್ಲಿ ಬಾಂಬೆ ವಿರುದ್ಧ ಔಟಾಗದೆ 249. ಆದರೂ ತಂಡ ಸೋತಿತು.

ಇನ್ನು ನಾನು ಮಕ್ಕಳಿಗೆ ಯಾವಾಗಲೂ ಹೇಳುವ ಕಥೆ ಕ್ರಿಸ್ ಬಾಲ್ಡರ್‌ಸ್ಟೋನ್ ಅವರದ್ದು. ಕಥೆ ಅಂದೆ, ಆದರೆ ನಡೆದದ್ದೇ. 1975ರ ಸೆಪ್ಟೆಂಬರ್ 15. ಲೆಸ್ಟರ್‌ಶೈರ್ ತಂಡ ಚೆಸ್ಟರ್‌ಫೀಲ್ಡ್ ಅನ್ನುವ ಊರಿನಲ್ಲಿ ಡರ್ಬಿಶೈರ್ ವಿರುದ್ಧ ಆಡುತ್ತಿದೆ. ಗೆದ್ದರೆ ಕೌಂಟಿ ಚಾಂಪಿಯನ್‌ಶಿಪ್, ಅಂದರೆ ಅಲ್ಲಿಯ ಜಿಲ್ಲಾ ತಂಡಗಳ ದೊಡ್ಡ ಕ್ರಿಕೆಟ್ ಕಪ್, ಅದೂ ಆ ತಂಡಕ್ಕೆ ಮೊದಲ ಸಲ. ದಿನದಾಟ ಮುಗಿಯುವಾಗ ಬಾಲ್ಡರ್‌ಸ್ಟೋನ್ 51 ರನ್ ಹೊಡೆದು ಕ್ರೀಸಿನಲ್ಲಿದ್ದಾರೆ. ಬೇರೆ ಯಾರಾದರೂ ಆದರೆ ಸ್ನಾನ ಮಾಡಿ ಊಟ ಮಾಡಿ ಮಲಗುತ್ತಿದ್ದರು. ಇವರು ಪ್ಯಾಡು ಬಿಚ್ಚಿ ಕಾರು ಹತ್ತಿದರು. ಡಾಂಕಾಸ್ಟರ್‌ಗೆ ಹೋಗಿ, ಅದೇ ರಾತ್ರಿ ಲೈಟಿನ ಬೆಳಕಿನಲ್ಲಿ ಡಾಂಕಾಸ್ಟರ್ ರೋವರ್ಸ್‌ಗೆ ಬ್ರೆಂಟ್‌ಫರ್ಡ್ ವಿರುದ್ಧ ಲೀಗ್ ಪಂದ್ಯ ಆಡಿದರು. 1–1 ಡ್ರಾ. ಮರುದಿನ ಬೆಳಿಗ್ಗೆ ವಾಪಸ್ ಬಂದು ನಿಲ್ಲಿಸಿದ ಇನಿಂಗ್ಸ್ ಮುಂದುವರಿಸಿ 116 ಮಾಡಿದರು. ಅಷ್ಟು ಸಾಲದೆ ಸ್ಪಿನ್ ಹಾಕಿ ಮೂರು ವಿಕೆಟ್ ತೆಗೆದರು. ಲೆಸ್ಟರ್‌ಶೈರ್ ಗೆದ್ದಿತು.

ಇಲ್ಲಿ ಒಂದು ಗಮನಿಸಿ. ಈ ಕಥೆ ನಡೆದದ್ದು ಸೆಪ್ಟೆಂಬರಿನಲ್ಲಿ. ಕ್ರಿಕೆಟ್ ಮುಗಿದಿಲ್ಲ, ಫುಟ್‌ಬಾಲ್ ಆಗಲೇ ಶುರುವಾಗಿದೆ. ಆ ತುದಿಯ ಉಜ್ಜಾಟ ಅಂದೆನಲ್ಲ, ಅಲ್ಲೇ. ಒಂದು ದಿನದ ಮಟ್ಟಿಗೆ ಒಬ್ಬ ಗಟ್ಟಿ ಮನುಷ್ಯ ಅದನ್ನು ನಿಭಾಯಿಸಬಹುದು. ಇಡೀ ವರ್ಷ ಹಾಗೇ ಆದರೆ?

ಹಾಗೇ ಆಗುತ್ತಾ ಬಂತು. 1961ರಲ್ಲಿ ಆ ಸಂಬಳದ ಮಿತಿ ಹೋಯಿತು. ಒಳ್ಳೆ ಫುಟ್‌ಬಾಲ್ ಆಟಗಾರನಿಗೆ ಒಂದೇ ಆಟದಲ್ಲಿ ಸಂಸಾರ ಸಾಗುವಷ್ಟು ಬರತೊಡಗಿತು. ಅಷ್ಟು ಕೊಟ್ಟವರು 'ಬೇಸಿಗೆಯಲ್ಲಿ ನೀನು ಎಲ್ಲಿ ಬೇಕಾದರೂ ಹೋಗು' ಅಂತ ಬಿಡುತ್ತಾರಾ? ಸೀಸನ್ ಉದ್ದವಾಯಿತು, ಅದಕ್ಕೆ ಮೊದಲಿನ ತಯಾರಿ ಇನ್ನೂ ಉದ್ದವಾಯಿತು. ಕ್ರಿಕೆಟಿನವರೂ ಚಳಿಗಾಲದಲ್ಲಿ ವಿದೇಶ ಪ್ರವಾಸ ಜಾಸ್ತಿ ಮಾಡಿದರು. ಇಂಗ್ಲೆಂಡಿನ ಗಂಡಸರಲ್ಲಿ ಎರಡೂ ಆಟದಲ್ಲಿ ದೇಶಕ್ಕೆ ಆಡಿದ ಕೊನೆಯವರು ಆರ್ಥರ್ ಮಿಲ್ಟನ್. ಫುಟ್‌ಬಾಲ್ 1951ರಲ್ಲಿ, ಟೆಸ್ಟ್ 1958ರಲ್ಲಿ. ಮೊದಲ ಟೆಸ್ಟಿನಲ್ಲೇ ಶತಕ. ಆಟ ಬಿಟ್ಟ ಮೇಲೆ ಅವರು ಬ್ರಿಸ್ಟಲ್‌ನಲ್ಲಿ ಪೋಸ್ಟ್‌ಮ್ಯಾನ್ ಆದರು. ಮನೆ ಮನೆಗೆ ಸೈಕಲ್ಲಿನಲ್ಲಿ ಕಾಗದ ಹಂಚಿದರು. ಈಗಿನ ಆಟಗಾರರನ್ನು ಹಾಗೆ ಯೋಚಿಸಿ ನೋಡಿ! ಅವರಾದ ಮೇಲೆ ಕೌಂಟಿ ಮಟ್ಟದಲ್ಲಿ ಕೆಲವರಿದ್ದರು. ಇಯಾನ್ ಬಾಥಮ್ ಕೂಡ ಸ್ಕಂತೋರ್ಪ್ ಯುನೈಟೆಡ್‌ಗೆ 11 ಲೀಗ್ ಪಂದ್ಯ ಆಡಿದ್ದಾರೆ. ಆಮೇಲಾಮೇಲೆ ಬಾಗಿಲು ಮುಚ್ಚಿತು.

ನಮ್ಮ ದೇಶದಲ್ಲಿ ಯಾರೂ ಇರಲಿಲ್ಲವಾ ಅಂತ ಕೇಳಬಹುದು. ಇದ್ದರು. ಚುನಿ ಗೋಸ್ವಾಮಿ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಫುಟ್‌ಬಾಲ್ ಚಿನ್ನ ಗೆದ್ದಾಗ ಕ್ಯಾಪ್ಟನ್ ಅವರೇ. ಅದೇ ಮನುಷ್ಯ ಬಂಗಾಳಕ್ಕೆ ರಣಜಿ ಆಡಿದರು, 1971–72ರಲ್ಲಿ ಬಂಗಾಳವನ್ನು ಫೈನಲ್‌ಗೆ ಕರೆದುಕೊಂಡು ಹೋದ ಕ್ಯಾಪ್ಟನ್ ಕೂಡ ಅವರೇ. ಅಲ್ಲಿಯೂ ಕಥೆ ಮಳೆಯದ್ದೇ. ಕಲ್ಕತ್ತಾ ಲೀಗ್ ಮಳೆಗಾಲದ ಆಟ, ರಣಜಿ ಚಳಿಗಾಲದ್ದು. ನಮ್ಮ ಗದ್ದೆಯ ಟೈಮ್‌ಟೇಬಲ್ಲೇ ದೊಡ್ಡ ಪ್ರಮಾಣದಲ್ಲಿ. ಹೌದು, ಅವರೂ 1964ರಲ್ಲಿ ದೇಶದ ಫುಟ್‌ಬಾಲ್ ನಿಲ್ಲಿಸಿದರು. ಕ್ರಿಕೆಟಿನ ಬಹುಪಾಲು ಆಮೇಲಿನದ್ದು.

ಈಗ ಪೆರಿ ಹತ್ತಿರ ವಾಪಸ್ ಬರೋಣ. ಅವರ ಕಷ್ಟ ಕಾಂಪ್ಟನ್ ಅವರದ್ದಕ್ಕಿಂತ ದೊಡ್ಡದು ಅಂತ ನಾನು ಹೇಳುವುದು ಯಾಕೆ ಅಂದರೆ, ಆಸ್ಟ್ರೇಲಿಯಾದಲ್ಲಿ ದೊಡ್ಡ ಫುಟ್‌ಬಾಲ್ ಲೀಗ್ ನಡೆಯುವುದೂ ಬೇಸಿಗೆಯಲ್ಲೇ, ಕ್ರಿಕೆಟ್ ನಡೆಯುವುದೂ ಬೇಸಿಗೆಯಲ್ಲೇ. ಅಲ್ಲಿಯ ಬೇಸಿಗೆ ಅಂದರೆ ನಮ್ಮ ನವೆಂಬರ್, ಡಿಸೆಂಬರ್, ಜನವರಿ. 2008ರಲ್ಲಿ ಅಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಲೀಗ್ ಶುರುವಾಯಿತು. ಅದೇ ತಿಂಗಳು, ಅದೇ ವಾರ, ಕೆಲವು ಸಲ ಅದೇ ದಿನ. ತುದಿಯಲ್ಲಿ ಉಜ್ಜುವುದಲ್ಲ ಇದು, ಒಂದರ ಮೇಲೆ ಒಂದು ಕೂರುವುದು.

ಅವರು ಕ್ಯಾನ್‌ಬೆರಾ ಯುನೈಟೆಡ್ ತಂಡದಲ್ಲಿದ್ದರು. 2012ರಲ್ಲಿ ಆ ಕ್ಲಬ್ಬು, ಫುಟ್‌ಬಾಲಿಗೆ ಮೊದಲ ಜಾಗ ಕೊಡಬೇಕು ಎಂದಿತು. ಕ್ಲಬ್ಬಿನ ಕಡೆಯಿಂದ ನೋಡಿದರೆ ಅದರಲ್ಲಿ ತಪ್ಪೇನೂ ಇಲ್ಲ. ಶನಿವಾರ ಡಿಫೆಂಡರ್ ಬರುತ್ತಾಳಾ ಇಲ್ಲವಾ ಅಂತ ಗೊತ್ತಿಲ್ಲದೆ ಕೋಚ್ ತಂಡ ಕಟ್ಟುವುದು ಹೇಗೆ? ಪೆರಿ ಕ್ರಿಕೆಟನ್ನೂ ಬಿಡಲಿಲ್ಲ, ಫುಟ್‌ಬಾಲನ್ನೂ ಬಿಡಲಿಲ್ಲ. ಕ್ಲಬ್ಬನ್ನೇ ಬಿಟ್ಟರು. ಸಿಡ್ನಿ ಎಫ್‌ಸಿ ಸೇರಿದರು. ಇನ್ನೂ ಕೆಲವು ವರ್ಷ ಎರಡೂ ನಡೆಯಿತು.

ಎರಡು ಆಟ ಆಡಿದ್ದರಿಂದ ಏನಾದರೂ ಲಾಭ ಉಂಟಾ? ಇದಕ್ಕೆ ಉತ್ತರ ಬೇಕಾದರೆ 2010ರ ಟಿ20 ವಿಶ್ವಕಪ್ ಫೈನಲ್‌ನ ಕೊನೆಯ ಚೆಂಡನ್ನು ಯೂಟ್ಯೂಬಿನಲ್ಲಿ ನೋಡಿ. ಬಾರ್ಬಡೋಸ್‌ನಲ್ಲಿ ನಡೆದದ್ದು. ಆಸ್ಟ್ರೇಲಿಯಾ ಹೊಡೆದದ್ದು ಬರೀ 106. ನ್ಯೂಜಿಲೆಂಡ್‌ಗೆ ಕೊನೆಯ ಚೆಂಡಿಗೆ ಐದು ರನ್ ಬೇಕು. ನಾಲ್ಕು ಹೋದರೆ ಟೈ. ಬೌಲಿಂಗ್ ಪೆರಿ, ಆಗ ವಯಸ್ಸು ಹತ್ತೊಂಬತ್ತು. ಎದುರು ಸೋಫಿ ಡಿವೈನ್. ಅವರ ಕೈಯ ಪೆಟ್ಟು ಎಂಥದ್ದು ಅಂತ ಆರ್‌ಸಿಬಿಯವರಿಗೆ ಹೇಳಬೇಕಾ? ಡಿವೈನ್ ಎಳೆದು ನೇರಕ್ಕೆ ಹೊಡೆದರು. ಚೆಂಡು ನೆಲ ಸವರಿಕೊಂಡು ಬೌಲರ್ ಪಕ್ಕದಿಂದ ಬೌಂಡರಿಗೆ ಹೋಗಬೇಕಿತ್ತು. ಪೆರಿ ಬೌಲ್ ಮಾಡಿ ಇನ್ನೂ ಮುಂದಕ್ಕೆ ಬಾಗಿಕೊಂಡೇ ಇದ್ದಾರೆ, ಕೈ ಇಳಿಸಲು ಟೈಮಿಲ್ಲ. ಬಲಗಾಲು ಚಾಚಿದರು. ಬೂಟಿಗೆ ಬಡಿದ ಚೆಂಡು ತಿರುಗಿ ಮಿಡ್ ಆನ್‌ನಲ್ಲಿದ್ದ ಲಿಸಾ ಸ್ಥಳೇಕರ್ ಕಡೆಗೆ ಹೋಯಿತು. ಲಿಸಾ ಹುಟ್ಟಿದ್ದು ನಮ್ಮ ಪುಣೆಯಲ್ಲಿ, ಅದು ಬೇರೆ ಮಾತು. ಒಂದೇ ರನ್. ಆಸ್ಟ್ರೇಲಿಯಾ ಮೂರು ರನ್ನಿನಿಂದ ಗೆದ್ದಿತು.

ಕ್ರಿಕೆಟ್ ಮಾತ್ರ ಆಡಿದ ಬೌಲರ್ ಚೆಂಡು ಕಾಲಿಗೆ ಬಂದರೆ ಕಾಲು ತೆಗೆಯುತ್ತಾನೆ. ಪೆಟ್ಟಾಗುತ್ತದೆ ಅಂತ ಹೆದರಿಕೆ. ಡಿಫೆಂಡರ್ ಆಡಿದವರ ಕಾಲು ಚೆಂಡಿನ ಕಡೆಗೇ ಹೋಗುತ್ತದೆ. ಅದನ್ನು ಯೋಚನೆ ಮಾಡಿ ಮಾಡಲು ಆಗುವುದಿಲ್ಲ. ಅಷ್ಟು ಹೊತ್ತು ಎಲ್ಲಿದೆ?

ಆದರೆ ದೇಹ ಬಿಲ್ಲು ಕಳಿಸಿಯೇ ಕಳಿಸುತ್ತದೆ. ಇದನ್ನು ಮುಚ್ಚಿಟ್ಟು ನಿಮಗೆ ಬರೀ ಸಾಹಸದ ಕಥೆ ಹೇಳಿದರೆ ನಾನು ದೈಹಿಕ ಶಿಕ್ಷಕನಾಗಿ ಇದ್ದದ್ದು ದಂಡ. ಕಾಂಪ್ಟನ್ ಮೊಣಕಾಲು ಫುಟ್‌ಬಾಲಿನಲ್ಲಿ ಹಾಳಾಯಿತು. ಕೊನೆಗೆ 1955ರಲ್ಲಿ ಡಾಕ್ಟರು ಬಲಗಾಲಿನ ಮಂಡಿಚಿಪ್ಪನ್ನೇ ತೆಗೆದರು. ಮರುವರ್ಷ ಓವಲ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 94 ಹೊಡೆದರು ನಿಜ, ಚಿಪ್ಪಿಲ್ಲದ ಕಾಲಿನಲ್ಲಿ. ಹಾಗಂತ ಅದು ಅನುಸರಿಸುವ ದಾರಿ ಅಲ್ಲ. ಪೆರಿ ಕೂಡ 2013ರ ವಿಶ್ವಕಪ್ ಫೈನಲ್‌ನಲ್ಲಿ ಮುಂಬೈಯಲ್ಲಿ ಪಾದದ ಗಂಟು ನೋವಿಟ್ಟುಕೊಂಡು ಬೌಲಿಂಗ್ ಮಾಡಿದರು. ಓಡಿ ಬಂದು ನಿಂತು, ಮತ್ತೆ ಓಡಿ, ಹಾಗೆ 19 ರನ್ನಿಗೆ 3 ವಿಕೆಟ್. ಆಮೇಲೆ ಆಪರೇಷನ್.

ವೇಗದ ಬೌಲಿಂಗ್ ಏನು ಮಾಡುತ್ತದೆ ನೋಡಿ. ಮುಂದಿನ ಕಾಲು ಕ್ರೀಸಿನಲ್ಲಿ ಬೀಳುವಾಗ ಮೈಭಾರದ ಹಲವು ಪಟ್ಟು ಪೆಟ್ಟು ಆ ಒಂದು ಕಾಲಿಗೆ ಬೀಳುತ್ತದೆ. ಅದೇ ಗಳಿಗೆಯಲ್ಲಿ ಸೊಂಟ ತಿರುಗುತ್ತದೆ, ಬಾಗುತ್ತದೆ. ಎಳೆಯ ಬೌಲರ್‌ಗಳಿಗೆ ಬೆನ್ನಿನ ಕೆಳಗಿನ ಮೂಳೆಯಲ್ಲಿ ಸಣ್ಣ ಬಿರುಕು ಬರುವುದು ಇದರಿಂದಲೇ. ಫುಟ್‌ಬಾಲಿನ ಪೆಟ್ಟು ಬೇರೆ. ಓಡುತ್ತಾ ಓಡುತ್ತಾ ಗಕ್ಕನೆ ನಿಂತು ತಿರುಗುವಾಗ ಮೊಣಕಾಲಿನ ಒಳಗಿನ ಲಿಗಮೆಂಟು ಹರಿಯುತ್ತದೆ. ಹುಡುಗಿಯರಿಗೆ ಈ ಅಪಾಯ ಹುಡುಗರಿಗಿಂತ ಜಾಸ್ತಿ. ಎರಡು ಆಟ ಅಂದರೆ ಎರಡು ಬಗೆಯ ಪೆಟ್ಟು. ಒಂದು ಆಟಕ್ಕೆ ರಜೆ ಇದ್ದಾಗ ಇನ್ನೊಂದು ಆಡಿದರೆ ಮೈಗೆ ಒಳ್ಳೆಯದೇ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಪೆಟ್ಟು ಬೀಳುವುದಿಲ್ಲ. ಒಂದೇ ವಾರದಲ್ಲಿ ಎರಡನ್ನೂ ತುಂಬಿದರೆ ಕಷ್ಟ. ನಮ್ಮ ಮೈದಾನಗಳಂತೂ ಮುರಕಲ್ಲಿನ ಪದವು. ಹುಲ್ಲು ಹೆಸರಿಗೆ. ಬೇಸಿಗೆಯಲ್ಲಿ ಅಲ್ಲಿ ಬೌಲಿಂಗ್ ಮಾಡುವುದು ಸಿಮೆಂಟು ಅಂಗಳದಲ್ಲಿ ಹಾರಿದ ಹಾಗೆಯೇ.

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ. ಕಾಸರಗೋಡಿನ ಹುಡುಗ ಮೊಹಮ್ಮದ್ ಅಜರುದ್ದೀನ್ 2021ರಲ್ಲಿ ವಾಂಖೆಡೆಯಲ್ಲಿ ಮುಂಬೈ ವಿರುದ್ಧ 54 ಚೆಂಡಿಗೆ 137 ಹೊಡೆದ. 2025ರ ರಣಜಿ ಸೆಮಿಫೈನಲ್‌ನಲ್ಲಿ ಔಟಾಗದೆ 177 ಮಾಡಿ, ಕೇರಳ ಮೊದಲ ಸಲ ಫೈನಲ್ ಸೇರಲು ಕಾರಣನಾದ. ಇನ್ನೊಂದು ಕಡೆ ತ್ರಿಕರಿಪುರದ ಮೊಹಮ್ಮದ್ ರಾಫಿ. ಭಾರತ ತಂಡಕ್ಕೆ ಆಡಿದವರು, 2016ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ತಲೆಯಿಂದ ಗೋಲು ಹೊಡೆದವರು. ಒಂದೇ ಜಿಲ್ಲೆ, ಎರಡೂ ಆಟಕ್ಕೆ ದೊಡ್ಡ ಆಟಗಾರರು. ಎರಡೂ ಆಡುವ ಒಬ್ಬರು ಯಾಕೆ ಬರುವುದಿಲ್ಲ?

ಮಳೆಗಾಲದ ಫುಟ್‌ಬಾಲು ಮಕ್ಕಳ ಆಟ ಅಂದೆ. ಆದರೆ ದುಡ್ಡಿನ ಫುಟ್‌ಬಾಲ್ ನಮ್ಮಲ್ಲಿ ಯಾವಾಗ? ಸೆವೆನ್ಸ್, ಅಂದರೆ ತಂಡಕ್ಕೆ ಏಳೇ ಜನರ ಫುಟ್‌ಬಾಲ್. ಅದು ಮಳೆ ನಿಂತ ಮೇಲೆ. ಗ್ಯಾಲರಿ ಕಟ್ಟಿ, ಲೈಟು ಹಾಕಿ, ಟಿಕೆಟ್ ಮಾಡಿ, ಬೇಸಿಗೆಯ ರಾತ್ರಿಗಳಲ್ಲಿ. ಅಂಡರ್ ಆರ್ಮ್ ಕ್ರಿಕೆಟ್ ಟೂರ್ನಮೆಂಟುಗಳು ಯಾವಾಗ? ಅವೂ ಅದೇ ಬೇಸಿಗೆಯ ರಾತ್ರಿಗಳಲ್ಲಿ, ಅದೇ ಲೈಟು, ಕೆಲವು ಕಡೆ ಅದೇ ಮೈದಾನ. ಗದ್ದೆಯಲ್ಲಿ ಆಡುವಾಗ ಮಳೆ ಎರಡು ಆಟಗಳನ್ನು ಬೇರೆ ಬೇರೆ ಇಟ್ಟಿತ್ತು. ನೋಡುವವರು ಬಂದರು, ಬಹುಮಾನ ಬಂತು, ಎರಡೂ ಒಂದೇ ತಿಂಗಳಿಗೆ ಬಂದು ಕೂತವು. ಇಂಗ್ಲೆಂಡಿನಲ್ಲಿ ಆದದ್ದು, ಆಸ್ಟ್ರೇಲಿಯಾದಲ್ಲಿ ಆದದ್ದು, ಕಲ್ಲುಗುಡ್ಡೆಯ ಮೈದಾನದಲ್ಲಿ ಆಗುವುದು ಎಲ್ಲ ಒಂದೇ.

ಶಾಲೆಯಲ್ಲೂ ನೋಡಿದ್ದೇನೆ. ಉಪಜಿಲ್ಲಾ ಮಟ್ಟದ ಫುಟ್‌ಬಾಲ್ ಮತ್ತು ಕ್ರಿಕೆಟ್ ಸೆಲೆಕ್ಷನ್ ಒಂದೇ ದಿನಕ್ಕೆ ಬಿದ್ದ ವರ್ಷ ಒಂದಿತ್ತು. ನನ್ನ ಹತ್ತಿರ ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ ಇದ್ದಳು, ಗೋಲಿನಲ್ಲಿ ನಿಂತರೆ ಬೆಕ್ಕಿನ ಚುರುಕು, ಹಾಗೇ ವಿಕೆಟ್‌ಕೀಪರ್. ಬಸ್ ಸ್ಟ್ಯಾಂಡಿನಲ್ಲಿ ನಿಂತು, 'ಸಾರ್, ಯಾವ ಬಸ್ಸು ಹತ್ತಲಿ?' ಅಂತ ಕೇಳಿದಳು. ಅವಳ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಒಂದೇ ಜೊತೆ ಗ್ಲೌಸು, ಫುಟ್‌ಬಾಲ್ ಗೋಲ್‌ಕೀಪರಿನದ್ದು. ಕೀಪಿಂಗ್ ಗ್ಲೌಸು ಶಾಲೆಯಲ್ಲಿ ಇರಲೇ ಇಲ್ಲ. ಗ್ಲೌಸು ಇದ್ದ ಕಡೆಗೆ ಹೋದಳು. ಅವಳ ಆಟ ಯಾವುದು ಅಂತ ತೀರ್ಮಾನ ಆದದ್ದು ಹಾಗೆ, ಪ್ರತಿಭೆಯನ್ನು ಯಾರೂ ಅಳೆದು ನೋಡಿ ಅಲ್ಲ.

ಹಾಗಾಗಿ ಯಾರಾದರೂ ಏಳನೇ ಕ್ಲಾಸಿನ ಮಗುವಿಗೆ 'ಒಂದು ಆಟ ಆರಿಸಿಕೋ' ಅಂದರೆ ನನಗೆ ಸಿಟ್ಟು ಬರುತ್ತದೆ. ದೊಡ್ಡ ಮಟ್ಟದಲ್ಲಿ ಆಡುವಾಗ ಆರಿಸಲೇಬೇಕು, ಅದರಲ್ಲಿ ನನಗೆ ಸಂಶಯ ಇಲ್ಲ. ಪೆರಿಯವರೇ ಆರಿಸಿದರು. 2015ರಲ್ಲಿ ಅಲ್ಲಿಯ ಟಿ20 ಲೀಗ್ ಮಹಿಳಾ ಬಿಗ್ ಬ್ಯಾಷ್ ಶುರುವಾಯಿತು, ಕ್ರಿಕೆಟಿನಲ್ಲಿ ಹೆಣ್ಣುಮಕ್ಕಳಿಗೂ ಸಂಬಳ ಏರಿತು, ಫುಟ್‌ಬಾಲ್ ಹಿಂದೆ ಬಿತ್ತು. ಆಮೇಲೆ ಏನಾಯಿತು? 2017ರಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟಿನಲ್ಲಿ ಔಟಾಗದೆ 213, 2019ರಲ್ಲಿ ಏಕದಿನದಲ್ಲಿ 22 ರನ್ನಿಗೆ 7 ವಿಕೆಟ್. ಒಂದೇ ಆಟಕ್ಕೆ ಪೂರ್ತಿ ಸಮಯ ಕೊಟ್ಟಿದ್ದಕ್ಕೆ ಸಿಕ್ಕ ಫಲ ಅದು ಅಂತ ನಾನು ಒಪ್ಪುತ್ತೇನೆ. ಆದರೆ ಅವರು ಆರಿಸಿದ್ದು ಇಪ್ಪತ್ತು ದಾಟಿದ ಮೇಲೆ, ಎರಡರಲ್ಲೂ ವಿಶ್ವಕಪ್ ನೋಡಿದ ಮೇಲೆ. ಇಂಗ್ಲೆಂಡಿನ ಕ್ಲೇರ್ ಟೇಲರ್ ಕೂಡ ಹಾಗೇ. 1993ರಲ್ಲಿ ಕ್ರಿಕೆಟ್ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು, 1995ರಲ್ಲಿ ಫುಟ್‌ಬಾಲ್ ವಿಶ್ವಕಪ್ ತಂಡದಲ್ಲಿದ್ದರು. ನಮ್ಮ ಮಗುವಿಗೆ ಹನ್ನೆರಡಕ್ಕೇ ಏನು ಅವಸರ?

ಕೊನೆಗೆ ಅಲ್ಲಿ ಹಿಂದಿನ ಸಾಲಿನಲ್ಲಿ ಕೂತ ಅಮ್ಮ ಒಬ್ಬರು ಮೊದಲೇ ಕೇಳಿದ್ದರು, ಮಗಳು ಎರಡೂ ಆಡುತ್ತಾಳೆ, ಹತ್ತನೇ ಕ್ಲಾಸು ಬೇರೆ, ಏನು ಮಾಡಲಿ ಅಂತ. ಅಕ್ಕಾ, ಮೊದಲು ಒಂದು ನೋಟ್‌ಪುಸ್ತಕ ಕೊಡಿ. ದಿನಕ್ಕೆ ಎಷ್ಟು ಚೆಂಡು ಬೌಲ್ ಮಾಡಿದಳು, ಎಷ್ಟು ಹೊತ್ತು ಫುಟ್‌ಬಾಲ್ ಆಡಿದಳು, ಎಲ್ಲಿ ನೋವು, ಇಷ್ಟೇ ಬರೆಯಲಿ. ಫುಟ್‌ಬಾಲ್ ಮ್ಯಾಚ್ ಇರುವ ವಾರ ವೇಗದ ಬೌಲಿಂಗ್ ಬೇಡ, ಬ್ಯಾಟಿಂಗ್ ಮಾತ್ರ ಮಾಡಲಿ. ವಾರದಲ್ಲಿ ಒಂದು ದಿನ ಎರಡೂ ಬೇಡ. ಬೆನ್ನಿನ ಕೆಳಗೆ ಒಂದೇ ಬದಿ ನೋವು ಅಂದರೆ ಎಣ್ಣೆ ಹಚ್ಚಿ ಸುಮ್ಮನಾಗಬೇಡಿ, ಡಾಕ್ಟರಿಗೆ ತೋರಿಸಿ. ಶೂ ಎರಡು ಜೊತೆ ಬೇಕು, ಕ್ರಿಕೆಟ್ ಶೂನಲ್ಲಿ ಒದ್ದೆ ಮೈದಾನಕ್ಕೆ ಇಳಿಯುವುದು ಬೇಡ. ಎರಡು ಜೊತೆಗೆ ದುಡ್ಡಿಲ್ಲದಿದ್ದರೆ ಮೊದಲು ಫುಟ್‌ಬಾಲಿನದ್ದು ತೆಗೆಯಿರಿ. ಜೂನ್ ಹತ್ತಿರ ಬಂತು.